ಇಮ್ಮಡಿ ವೇಗ

"ಒಂದು ವಿಷಯ ಹೇಳ್ಬೇಕಿತ್ತು ಕಣೇ," ಎಂದು ಶುರುಮಾಡಿದ ಕ್ರೇನ್ ಚಾಲಕ ಎಂದಿನಂತೆ ಅಲ್ಲೇ ನಿಂತ. ಅವನ ಮಾತೇ ಹಾಗೆ. ಒಂದು ಪದವನ್ನು ಇಳಿಸಿ, ಅದು ನೆಲದ ಮೇಲೆ ಸರಿಯಾಗಿ ಕೂತಿತೇ ಎಂದು ನೋಡಿಕೊಂಡೇ ಮುಂದಿನದಕ್ಕೆ ಕೊಕ್ಕೆ ಹಾಕುವವನು. ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ಕಾಲು ನಿಲ್ಲಿಸಿ ಕಾದಳು. ಕಾಯುತ್ತಿದ್ದ ಹಾಗೇ ಅವಳ ಹೆಬ್ಬೆರಳು ತೊಡೆಯ ಮೇಲಿನ ಬಟ್ಟೆಯನ್ನು ತಟ್ಟತೊಡಗಿತು.

ಆ ಬೆರಳು ಏನನ್ನು ಹುಡುಕುತ್ತಿದೆಯೆಂದು ಅವನಿಗೆ ಗೊತ್ತಿತ್ತು. ದಿನವಿಡೀ ಆಕಾಶದಲ್ಲಿ, ಗಾಜಿನ ಗೂಡಿನೊಳಗೆ ಒಬ್ಬನೇ ಕೂರುವವನು ಬಿಡುವಾದಾಗಲೆಲ್ಲ ಫೋನಿಗೆ ಮಾತಾಡಿ ಅವಳಿಗೆ ಕಳಿಸುತ್ತಿದ್ದ. ಅವಳು ಕಾಲರು ಕೂರಿಸುತ್ತ, ಫೋನಿನ ಗುಂಡಿಯನ್ನು ಹೆಬ್ಬೆರಳಲ್ಲಿ ತಟ್ಟಿ, ಅದನ್ನೆಲ್ಲ ಇಮ್ಮಡಿ ವೇಗದಲ್ಲಿ ಕೇಳಿ ಮುಗಿಸುತ್ತಿದ್ದಳು. ಮೊದಮೊದಲು ಅವನಿಗೂ ಅದು ತಮಾಷೆಯಾಗಿತ್ತು. ಬರಬರುತ್ತ ಆ ಚುರುಕು ದನಿಯವನೇ ಅವಳ ಗಂಡನಾಗಿ, ಸಂಜೆ ಮನೆಗೆ ಬರುವ ಈ ನಿಧಾನದ ಆಸಾಮಿ ಯಾರೋ ದೂರದ ನೆಂಟನಾಗಿಬಿಟ್ಟಿದ್ದ.

ಹೇಳಬೇಕಾದದ್ದು ಚಿಕ್ಕದು. ಕೆಲವು ದಿನಗಳಿಂದ ಏಣಿಯ ಅರ್ಧಕ್ಕೇ ಅವನ ಕೈ ನಡುಗುತ್ತಿತ್ತು. ಇವತ್ತು ಕೆಲಸ ಮುಗಿದ ಮೇಲೂ ಇಳಿಯಲು ಧೈರ್ಯ ಸಾಲದೆ ಮೇಲೇ ಕೂತಿದ್ದ. ಆ ಕೈಯಲ್ಲಿ ನಾಳೆ ತೊಲೆ ಎತ್ತಿದರೆ ಕೆಳಗಿದ್ದವರ ಗತಿ ಏನು? ಕೆಲಸ ಬಿಡಲೇಬೇಕು.

"ಮೇಲೆ... ಇವತ್ತು..." ಎಂದ.

"ಗಾಳಿ ಜಾಸ್ತಿ ಇತ್ತಾ?"

"ಗಾಳಿ ಅಲ್ಲ."

"ಮತ್ತೆ? ಸೂಪರ್‌ವೈಸರ್ ಏನಾದ್ರೂ ಅಂದ್ರಾ?" ಅವನ ಬಾಯಿ ತೆರೆದೇ ಇತ್ತು. "ಹೋಗ್ಲಿ, ವಾಯ್ಸ್ ಕಳ್ಸಿಬಿಡ್ರಿ. ಹೊಲೀತಾ ಕೇಳ್ತೀನಿ."

ಎದುರಿಗೇ ನಿಂತ ಗಂಡನಿಗೆ ಹೀಗೆ ಹೇಳಿದೆನೆಂಬುದು ಅವಳಿಗೆ ಹೊಳೆದಂತೆ ಕಾಣಲಿಲ್ಲ. ಅವನಿಗೂ ಬೇರೆ ದಾರಿ ಹೊಳೆಯಲಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಬಕೆಟ್ ಬೋರಲು ಹಾಕಿ ಕೂತ. ಜಾಗ ಕ್ರೇನಿನ ಗೂಡಿಗಿಂತ ಏನೂ ಸಣ್ಣದಿರಲಿಲ್ಲ. ಒಳಗೆ ಕೂತದ್ದೇ ತಡ, ನಿಂತು ನಿಂತಾದರೂ ಮಾತು ತಾನಾಗಿ ಬಂತು. ನಡುಗಿದ್ದು, ಕಣ್ಣು ಕತ್ತಲಿಟ್ಟದ್ದು, ಅತ್ತದ್ದು, ಎಲ್ಲವನ್ನೂ ಹೇಳಿ ಕಳಿಸಿದ.

ಬಾಗಿಲಾಚೆ ಯಂತ್ರದ ಸದ್ದಿನ ಜೊತೆ ಅವನದೇ ದನಿ ಓಡತೊಡಗಿತು. ಆ ವೇಗದಲ್ಲಿ ಅವನ ಭಯವೂ ತರಕಾರಿ ದರ ಓದಿದಂತೆ ಕೇಳುತ್ತಿತ್ತು. ಮುಗಿಯುವ ಮುಂಚೆಯೇ ಯಂತ್ರ ನಿಂತಿತು. ಆಮೇಲೆ ದನಿಯೂ.

ಅವನು ಎದ್ದು ಚಿಲಕದ ಮೇಲೆ ಕೈಯಿಟ್ಟ. ಅಷ್ಟರಲ್ಲಿ ದನಿ ಮತ್ತೆ ಮೊದಲಿನಿಂದ ಶುರುವಾಯಿತು, ಈ ಸಲ ಬಾಗಿಲಿಗೆ ತೀರ ಹತ್ತಿರದಲ್ಲಿ, ಓಡದೆ. "ಮೇಲೆ... ಇವತ್ತು..." ಎಂದು ನಿಂತಿತು. ನಲ್ಲಿಯಿಂದ ಒಂದು ಹನಿ ಬಿತ್ತು. ಅವನು ಚಿಲಕದ ಮೇಲಿನ ಕೈಯನ್ನು ಹಾಗೇ ಇಟ್ಟುಕೊಂಡು, ಆ ಮನುಷ್ಯ ಮಾತು ಮುಗಿಸಲೆಂದು ಕಾದ.