ಕೆರಿಯಪ್ಪನ ಸಂಜೆಯ ಗುಳಿಗೆ

೧

ಮೊದಲ ವಾಕ್ಯವನ್ನು ಯಾರ ಬಾಯಿಗೆ ಕೊಡಬೇಕು ಎಂಬುದರಲ್ಲೇ ಎರಡು ದಿನ ಹೋಯಿತು. ಗುಳಿಗೆಯಿಂದ ಶುರು ಮಾಡಿದರೆ ಪ್ರಬಂಧವಾಗುತ್ತದೆ. ಕುಡಿತದಿಂದ ಶುರು ಮಾಡಿದರೆ ಪಾನನಿಷೇಧ ಸಪ್ತಾಹದ ಬೀದಿನಾಟಕ. ಬಾವಿಯಿಂದ ಶುರು ಮಾಡೋಣವೆಂದರೆ, ಕಥೆಯಲ್ಲಿ ಬಾವಿ ಕಂಡ ಕೂಡಲೇ ಯಾರಾದರೂ ಹಾರುತ್ತಾರೆ ಎಂದು ಕಾಯುವ ಜನ ನೀವು. (ನಾನೂ ಹಾಗೇ. ಅದಕ್ಕೇ ನಿಮ್ಮ ಮೇಲೆ ನಂಬಿಕೆಯಿಲ್ಲ.) ಇಲ್ಲಿ ಯಾರೂ ಹಾರುವುದಿಲ್ಲ. ಇಳಿಯುತ್ತಾರೆ. ಅದು ಅವರ ಕೆಲಸ.

೨

ಇರುವ ವಿಷಯ ಇಷ್ಟು. ಕೆರಿಯಪ್ಪ ಮತ್ತು ಶಿವರಾಮ ಹೊಸನಗರದ ಸುತ್ತಮುತ್ತ ಬಾವಿಯ ಕೆಸರು ತೆಗೆಯುವ ಜೋಡಿ. ಕೆರಿಯಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗಿಳಿಯುತ್ತಾನೆ, ಶಿವರಾಮ ಮೇಲೆ ನಿಂತು ಹಗ್ಗ ಹಿಡಿಯುತ್ತಾನೆ. ಇಪ್ಪತ್ತು ವರ್ಷದಿಂದ ಹೀಗೇ. ಕೆಲಸ ಮುಗಿದ ಮೇಲೆ ಒಂದು ಕ್ವಾರ್ಟರ್, ಅರ್ಧ ಅವನಿಗೆ, ಅರ್ಧ ಇವನಿಗೆ. ಬರಬರುತ್ತಾ ಕೆಲಸಕ್ಕೆ ಮೊದಲೂ ಒಂದು ಶುರುವಾಯಿತು. ಕಳೆದ ವರ್ಷ ಹಗ್ಗ ಶಿವರಾಮನ ಕೈಯಿಂದ ಜಾರಿ, ಕೆರಿಯಪ್ಪನ ಎರಡು ಪಕ್ಕೆಲುಬು ಮುರಿದವು. ಬಿದ್ದವನೂ ಕುಡಿದಿದ್ದ, ಬೀಳಿಸಿದವನೂ ಕುಡಿದಿದ್ದ. ಯಾರನ್ನು ಬೈಯುವುದೆಂದು ತಿಳಿಯದೆ ಕೆರಿಯಪ್ಪನ ಹೆಂಡತಿ ಮಾಸ್ತಮ್ಮ ಬಾವಿಯನ್ನೇ ಬೈದಳಂತೆ.

ಆ ಹೊತ್ತಿಗೆ ಒಂದು ಅಧ್ಯಯನ ಬಂತು. (ಯಾವ ಆಸ್ಪತ್ರೆಯದ್ದು ಎಂದು ಹುಡುಕಬೇಡಿ, ನಾನೇ ಕಟ್ಟಿದ್ದು.) ಗಾಂಜಾ ಗಿಡದಿಂದ ತೆಗೆದ, ಆದರೆ ಅಮಲೇರಿಸದ ಸಿಬಿಡಿ ಎಂಬ ಅಂಶ ಕುಡಿತದ ಚಟ ಬಿಡಿಸುತ್ತದೆಯೇ ಎಂದು ನೋಡುವುದು. ಬೆಳಿಗ್ಗೆ ಒಂದು ಗುಳಿಗೆ, ಸಂಜೆ ಒಂದು, ಹನ್ನೆರಡು ವಾರ. ಅರ್ಧ ಜನರ ಗುಳಿಗೆಯಲ್ಲಿ ಔಷಧ, ಉಳಿದವರದ್ದರಲ್ಲಿ ಬರೀ ಕೊಬ್ಬರಿ ಎಣ್ಣೆ. ಯಾರಿಗೆ ಯಾವುದು ಎಂಬುದು ನುಂಗುವವನಿಗೂ ಗೊತ್ತಿಲ್ಲ, ಕೊಡುವ ಸುಪ್ರಿಯಾಳಿಗೂ ಗೊತ್ತಿಲ್ಲ. ಸುಪ್ರಿಯಾ ಈ ಅಧ್ಯಯನದ ನರ್ಸ್. ಪ್ರತಿ ಸೋಮವಾರ ಸಾಗರದಿಂದ ಬಸ್ಸಿನಲ್ಲಿ ಹೊಸನಗರಕ್ಕೆ ಬಂದು, ಕುಡಿದಿದ್ದಾರೋ ಎಂದು ನೋಡುವ ಯಂತ್ರಕ್ಕೆ ಊದಿಸಿ, ವಾರದ ಡಬ್ಬಿ ಕೊಟ್ಟು ಹೋಗುತ್ತಾಳೆ.

“ಗಿಡ ಹಿತ್ಲಲ್ಲಿ ಬೆಳದ್ರೆ ಪೊಲೀಸ್ರು ಬತ್ತಾರೆ, ಡಬ್ಬೀಲಿ ತುಂಬಿದ್ರೆ ನರ್ಸಮ್ಮ ಬತ್ತಾರೆ,” ಎಂದಳು ಮಾಸ್ತಮ್ಮ. “ಎಂತ ಕಾಲನೋ ಮಾರಾಯ್ರೆ.”

ಗೆಳೆಯರಿಬ್ಬರೂ ಹೆಸರು ಕೊಟ್ಟರು. ರಕ್ತ ಪರೀಕ್ಷೆಯಲ್ಲಿ ಶಿವರಾಮನ ಲಿವರ್ ಸರಿಯಿಲ್ಲವೆಂದು ಬಂತು, ಅವನನ್ನು ಬಿಟ್ಟರು. ಕೆರಿಯಪ್ಪನನ್ನು ತೆಗೆದುಕೊಂಡರು. ಎರಡು ವಾರ ಕಳೆಯುವಷ್ಟರಲ್ಲಿ ಅವನು ಊದಿದಾಗ ಯಂತ್ರ ಸೊನ್ನೆ ತೋರಿಸತೊಡಗಿತು.

೪

(ಮೂರನ್ನು ಹರಿದು ಹಾಕಿದೆ. ಅದರಲ್ಲಿ ಮಾಸ್ತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿಯುತ್ತಿದ್ದಳು. “ನಾ ಯಾವಾಗ ಅತ್ತಿದ್ದೆ?” ಎಂದು ನನ್ನನ್ನೇ ಕೇಳಿದಳು.)

ಏಳನೇ ಸೋಮವಾರ ಕೆರಿಯಪ್ಪನ ಹಿಂದೆ ಶಿವರಾಮನೂ ಬಂದ. ಕೈಯಲ್ಲೊಂದು ದೊಡ್ಡ ಮೊಗೆಕಾಯಿ, ಸಾಂಬಾರಿನ ಸೌತೆ. ಅದನ್ನು ಸುಪ್ರಿಯಾಳ ಮೇಜಿನ ಮೇಲಿಟ್ಟ.

“ನಿಮ್ಮ ಗುಳಿಗೆಯಿಂದ ಭಾರಿ ಉಪಕಾರ ಆತು ಮೇಡಂ. ಐದು ವಾರ ಆತು, ನಾನೂ ಮುಟ್ಟಿಲ್ಲ.”

“ನಿಮಗೆಲ್ಲಿಯ ಗುಳಿಗೆ?”

“ಬೆಳಿಗ್ಗೇದು ಅವಂದು, ಸಂಜೇದು ನಂದು.”

ಸುಪ್ರಿಯಾ ಪೆನ್ನು ಕೆಳಗಿಟ್ಟಳು. “ಬೇರೆ ಯಾರಿಗೂ ಕೊಡಬಾರದು ಅಂತ ಫಾರ್ಮು ಓದಿ ಹೇಳಿದ್ನಲ್ಲ ಕೆರಿಯಪ್ಪ?”

“ಓದಿದ್ರಿ,” ಎಂದ ಕೆರಿಯಪ್ಪ. “ನಾನೊಬ್ನೇ ಬಿಟ್ರೆ ಎಂತ ಆತು ಮೇಡಂ? ಹಗ್ಗ ಇರದು ಅವನ ಕೈಲಿ.”

ಇಲ್ಲಿ ನನ್ನ ಯೋಜನೆ ಮಗುಚಿ ಬಿತ್ತು. ನಾನಂದುಕೊಂಡಿದ್ದು ಒಬ್ಬ ಮನುಷ್ಯ ಮತ್ತು ಅವನ ಚಟದ ಕಥೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ ಎಂಬುದು ಕೆರಿಯಪ್ಪನಿಗೆ ಹೊಳೆದಿತ್ತು, ಅಧ್ಯಯನ ಬರೆದವರಿಗೂ ನನಗೂ ಹೊಳೆದಿರಲಿಲ್ಲ.

“ಶಿವರಾಮ, ನಿಮ್ಮ ಲಿವರ್ ನೋಡಿಯೇ ನಿಮ್ಮನ್ನ ಬಿಟ್ಟಿದ್ದು. ಡಬ್ಬೀಲಿರೋದು ನಿಜವಾದ ಔಷಧ ಆಗಿದ್ರೆ ಲಿವರಿಗೆ ಇನ್ನೂ ಪೆಟ್ಟು ಬೀಳಬಹುದು. ನಾನು ಇದನ್ನ ಡಾಕ್ಟರಿಗೆ ಹೇಳಲೇಬೇಕು. ಹೇಳಿದ್ರೆ ಕೆರಿಯಪ್ಪನ ಗುಳಿಗೆ ಇವತ್ತೇ ನಿಲ್ಲಿಸ್ತಾರೆ.”

“ಈಗ ನಿಲ್ಸಿದ್ರೆ,” ಎಂದ ಕೆರಿಯಪ್ಪ ಮೆಲ್ಲಗೆ, “ಬಾವಿಗಿಳಿಸಿ ಹಗ್ಗ ಕೊಯ್ದಂಗೆ ಆಗದಿಲ್ವಾ?”

೫

ಅಂತ್ಯಗಳು. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ, ನನಗಂತೂ ತಲೆ ಕೆಟ್ಟುಹೋಗಿದೆ.

ಅ) ಸುಪ್ರಿಯಾ ಸುಮ್ಮನಿರುತ್ತಾಳೆ. ಹನ್ನೆರಡು ವಾರ ಮುಗಿಯುತ್ತದೆ, ಇಬ್ಬರೂ ಕುಡಿತ ಬಿಡುತ್ತಾರೆ, ಎಲ್ಲರೂ ಮೊಗೆಕಾಯಿ ಸಾಂಬಾರು ಉಣ್ಣುತ್ತಾರೆ. (ಶಿವರಾಮನ ಲಿವರ್? ಬರೆಯುವ ಖುಷಿಯಲ್ಲಿ ಮರೆತೇಬಿಟ್ಟಿದ್ದೆ.)

ಆ) ಗುಟ್ಟು ಒಡೆದು ನೋಡಿದರೆ ಬರೀ ಕೊಬ್ಬರಿ ಎಣ್ಣೆ. ಇಬ್ಬರೂ ತಮ್ಮ ಬಲದಿಂದಲೇ ಗೆದ್ದಿದ್ದರು. ವಿಮರ್ಶಕರು ತಲೆದೂಗುತ್ತಾರೆ. ಕೆರಿಯಪ್ಪ ಮಾತ್ರ ಒಪ್ಪಲಿಲ್ಲ: “ಹಂಗಾರೆ ನಾಳೆಯಿಂದ ಎಂತ ನಂಬ್ಕಂಡು ಇರದು?”

ಇ) ನಿಜವಾದ ಔಷಧವೇ. ಅರ್ಧ ಡೋಸೇ ಸಾಕಾಯಿತು. ಅಥವಾ ಅರ್ಧ ಡೋಸು ಸಾಲದೆ, ಉಳಿದರ್ಧವನ್ನು ಗೆಳೆತನ ತುಂಬಿಕೊಟ್ಟಿತು. (ಥೂ, ಇದು ಗ್ರೀಟಿಂಗ್ ಕಾರ್ಡಿನ ಮಾತು. ಹೊಡೆದು ಹಾಕಿದ್ದೇನೆ, ನೀವೂ ಓದಿಲ್ಲ ಎಂದುಕೊಳ್ಳಿ.)

“ಬರೆಯೋರು ನೀವು,” ಎಂದಳು ಸುಪ್ರಿಯಾ. “ಡಬ್ಬೀಲಿ ಏನಿತ್ತು ಅಂತ ನಿಮಗಾದ್ರೂ ಗೊತ್ತಾ?”

ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ.

೬

ನಾನು ಸುಪ್ರಿಯಾಳಿಗೆ ಹೇಳಿದೆ, ಒಂದು ವಾರ ತಡೆಯಿರಿ, ಐದು ವಾರದಿಂದ ಇಬ್ಬರು ಮನುಷ್ಯರು ಕುಡಿದಿಲ್ಲ, ಅದಕ್ಕಿಂತ ನಿಮ್ಮ ಫಾರ್ಮು ದೊಡ್ಡದೇ?

“ನಿಮಗೆ ಕಥೆ ಚೆಂದ ಆದ್ರೆ ಸಾಕು. ಶಿವರಾಮಂಗೆ ಏನಾದ್ರೂ ಆದ್ರೆ ಕೆರಿಯಪ್ಪನ ಮುಖ ನೋಡೋಳು ನಾನು, ನೀವಲ್ಲ.”

ಅಲ್ಲೇ ಕೂತು ಡಾಕ್ಟರಿಗೆ ಫೋನ್ ಮಾಡಿದಳು. ಉಳಿದ ಗುಳಿಗೆಗಳನ್ನು ವಾಪಸ್ ಪಡೆದಳು. ಶಿವರಾಮನ ತೋಳಿನಿಂದ ರಕ್ತ ತೆಗೆದು ಸೀಸೆಗೆ ತುಂಬಿದಳು. ಕುಡಿತ ಬಿಡಿಸುವ ಬೇರೆ ಔಷಧಗಳಿವೆ, ಸಾಗರದ ಡಾಕ್ಟರ ಹತ್ತಿರ ಇಬ್ಬರನ್ನೂ ಶುಕ್ರವಾರ ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ಅವಳ ಕಣ್ಣು ಕೆಂಪಗಾಗಿತ್ತು. ಮೊದಲ ಡ್ರಾಫ್ಟಿನಲ್ಲಿ ನಾನು ಅವಳನ್ನು ಕಲ್ಲುಹೃದಯದವಳು ಎಂದು ಬರೆದಿದ್ದೆ. ಈಗ ನಾಚಿಕೆಯಾಗುತ್ತಿದೆ. ಅವಳು ಮಾಡಿದ್ದು ಸರಿ. ಅವಳು ಸರಿಯಾದದ್ದನ್ನು ಮಾಡಿದ ಮೇಲೂ ನನಗೆ ಯಾಕಿಷ್ಟು ಭಯ ಎಂಬುದು ಅರ್ಥವಾಗುತ್ತಿಲ್ಲ.

ಸುದ್ದಿ ಕೇಳಿದ ಮಾಸ್ತಮ್ಮ ಅಳಲಿಲ್ಲ. “ಶುಕ್ರವಾರದ ತನಕ ಎಂತ ಮಾಡದು?” ಎಂದಷ್ಟೇ ಕೇಳಿದಳು.

೭

ಮರುದಿನ ಮಂಗಳವಾರ. ತೀರ್ಥಹಳ್ಳಿ ರಸ್ತೆಯಲ್ಲಿ ಒಂದು ಮನೆಯ ಬಾವಿ. ಹೊತ್ತು ಏರಿದೆ. ಕೆರಿಯಪ್ಪ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದಾನೆ.

“ಇವತ್ತು ಇಳಿಯಬೇಡ,” ಎಂದೆ. “ಶುಕ್ರವಾರ ಕಳೆಯಲಿ. ನಾನು ಎರಡು ಸಾಲಿನಲ್ಲಿ ಮೂರು ದಿನ ದಾಟಿಸುತ್ತೇನೆ.”

“ನಿಮ್ಗೆ ಸಾಲು. ಈ ಮನೇರಿಗೆ ಕುಡಿಯಾಕೆ ನೀರಿಲ್ಲ,” ಎಂದ.

ಗಂಟು ಬಿಗಿದು ಶಿವರಾಮನ ಕಡೆ ತಿರುಗಿದ. ಶಿವರಾಮ ಹಗ್ಗವನ್ನು ಕೈಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿಕೊಳ್ಳುತ್ತಿದ್ದಾನೆ. ಗುಳಿಗೆ ಇಲ್ಲದ್ದಕ್ಕೋ, ಕುಡಿದದ್ದಕ್ಕೋ, ಕಳೆದ ವರ್ಷ ಜಾರಿದ್ದು ನೆನಪಾಗಿಯೋ, ಹೇಳಲಾರೆ.

“ನಿನ್ನೆ ಸಂಜೆ ಎಂತ ಮಾಡ್ದೆ?” ಎಂದು ಕೇಳಿದ ಕೆರಿಯಪ್ಪ.

“ಸುಮ್ನೆ ಕುಂತಿದ್ದೆ.”

“ಕುಡದ್ಯಾ?”

“ಇಲ್ಲ ಕಣಾ.”

ಇದು ನಿಜ ಎಂದು ಬರೆದೆ. ಹೊಡೆದು ಹಾಕಿದೆ. ಸುಳ್ಳು ಎಂದು ಬರೆದೆ. ಅದನ್ನೂ ಹೊಡೆದು ಹಾಕಿದೆ. ಕೆರಿಯಪ್ಪ ನನ್ನ ಕಾಗದ ನೋಡಲಿಲ್ಲ, ಗೆಳೆಯನ ಮುಖವನ್ನು ಇನ್ನೊಂದು ಗಳಿಗೆ ನೋಡಿದ. ಆಮೇಲೆ ಕಟ್ಟೆ ದಾಟಿ ಕಾಲು ಇಳಿಬಿಟ್ಟ.

“ಹ್ಞೂಂ, ಇಳ್ಸು.”

ಹಗ್ಗ ಮೊಳ ಮೊಳವಾಗಿ ಒಳಗೆ ಹೋಗುತ್ತಿದೆ. ಸಾಕು, ಇಲ್ಲಿಗೆ ಮುಗಿಸು ಎನ್ನುತ್ತೀರಿ. ನೀವು ಪುಸ್ತಕ ಮುಚ್ಚಿ ಊಟಕ್ಕೆ ಏಳಬಹುದು. ನಾನು ಹೇಗೆ ಏಳಲಿ? ಕೆರಿಯಪ್ಪ ಇನ್ನೂ ಒಳಗಿದ್ದಾನೆ.