ವಾಸನೆ ತಡೆಯುವ ಡಬ್ಬಿ

ಬಕೆಟ್ಟಿನ ಬಾಯಿಗೆ ಮೂಗು ಹಿಡಿದು ಉಸಿರೆಳೆದ ಸಾಗರ, ವಾಸನೆ ಇದೆ ಎಂದು ತೀರ್ಮಾನಿಸಿದ. ಬಚ್ಚಲ ಬಾಗಿಲಿಗೆ ಸರಿದು ಮತ್ತೆ ಎಳೆದ. ಅಲ್ಲಿಯೂ ಇತ್ತು. ಪಡಸಾಲೆಗೆ ಬಂದು ಕಿಟಕಿಯ ಹತ್ತಿರ ನಿಂತು ಎಳೆದ. ಅಲ್ಲಿ ಇದ್ದೂ ಇಲ್ಲದಂತಿತ್ತು, ಹಾಗಾಗಿ ಅದೇ ಹೆಚ್ಚು ಅಪಾಯಕಾರಿ ಎನಿಸಿತು.

‘ಬಕೆಟ್ಟಿನ್ಯಾಗ ಮಾರಿ ಇಟ್ಟು ಬಂದ್ರ ಎಲ್ಲಾ ಕಡೆ ಬರತೈತಿ,’ ಎಂದಳು ಹೆಂಡತಿ ರೇಣು. ಐದು ತಿಂಗಳ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.

‘ನಿನ್ನ ಮೂಗಿಗೆ ರೂಢಿ ಆಗೇತಿ.’

‘ನಮ್ಮ ಕೂಸಿಂದು ನಮಗೇನು ವಾಸನಿ?’

ನಮಗಲ್ಲ, ಎಂದುಕೊಂಡ ಸಾಗರ. ಸೋಫಾದ ತುದಿಯಲ್ಲಿ ಕುಳಿತು ಮೊಬೈಲು ತೆಗೆದ.

ಆನ್‌ಲೈನ್ ಅಂಗಡಿಯ ಪುಟದಲ್ಲಿ ಡಬ್ಬಿ ಅಲ್ಲೇ ಇತ್ತು. ಬಿಳಿಯ ಮೈ, ದುಂಡನೆಯ ಮುಚ್ಚಳ. ಕಾಲಿನಿಂದ ಒತ್ತಿದರೆ ಬಾಯಿ ತೆರೆದು, ಬಳಸಿದ ಡೈಪರನ್ನು ನುಂಗಿ, ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಏನೂ ಆಗಿಯೇ ಇಲ್ಲವೆಂಬಂತೆ ಮುಚ್ಚಿಕೊಳ್ಳುತ್ತದೆ. ರಾಜ್ಯಶಾಸ್ತ್ರದ ಉಪನ್ಯಾಸಕನಾದ ಅವನು ತನ್ನ ಪ್ರಬಂಧಕ್ಕೂ ಇಷ್ಟು ಓದಿರಲಿಲ್ಲ. ಕೊಂಡವರ ಅಭಿಪ್ರಾಯಗಳನ್ನೆಲ್ಲ ಅರೆದು ಕುಡಿದಿದ್ದ. ಪುಣೆಯ ತಾಯಿಯೊಬ್ಬಳು ಬರೆದಿದ್ದಳು: ‘ಬಂದವರಿಗೆ ನಮ್ಮ ಮನೆಯಲ್ಲಿ ಕೂಸಿದೆ ಎಂಬುದೇ ತಿಳಿಯುವುದಿಲ್ಲ.’ ಆ ಸಾಲನ್ನು ಅವನು ಪ್ರೇಮಪತ್ರದಂತೆ ತಿರುತಿರುಗಿ ಓದುತ್ತಿದ್ದ. ನಾಸಿಕದವನೊಬ್ಬ ‘ದಂಡ, ಮುಚ್ಚಳದ ಬಕೆಟ್ಟು ಸಾಕು’ ಎಂದು ಬರೆದಿದ್ದ. ಅವನು ಸ್ವಂತ ಮನೆಯಲ್ಲಿರುವ ಮನುಷ್ಯನೇ ಇರಬೇಕು.

ಸಾಗರನದು ಬಾಡಿಗೆ ಮನೆ. ಮೇಲಿನ ಮಹಡಿಯಲ್ಲಿ ಮಾಲೀಕರು, ಲಿಂಗಾಯತರ ಐನೋರು ಬಸಯ್ಯನವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಸವದತ್ತಿಯ ಈ ಓಣಿಯಲ್ಲಿ ಯಾರ ಮನೆಯ ಒಲೆಯ ಮೇಲೆ ಏನಿದೆ ಎಂಬುದು ಅವರಿಗೆ ಕುಳಿತಲ್ಲೇ ಗೊತ್ತಾಗುತ್ತಿತ್ತು. ಮನೆ ಕೇಳಲು ಹೋದ ದಿನ ಅವರು ಅಡ್ಡಹೆಸರು ಕೇಳಿದ್ದರು. ‘ಕಟಕೋಳ್ರಿ,’ ಎಂದಿದ್ದ ಸಾಗರ. ಈ ಸೀಮೆಯಲ್ಲಿ ಊರೇ ಅಡ್ಡಹೆಸರಾಗುವುದು ದೊಡ್ಡ ಅನುಕೂಲ. ಊರಿನೊಳಗೆ ಮಠವೂ ಇರುತ್ತದೆ, ಕೇರಿಯೂ ಇರುತ್ತದೆ. ತಾನು ಕೇರಿಯವನೆಂದು ಅವನು ಹೇಳಲಿಲ್ಲ. ತಂದೆಯ ಕಾಲದಲ್ಲೇ ಮನೆಯವರೆಲ್ಲ ಬುದ್ಧನಿಗೆ ಶರಣಾದದ್ದನ್ನೂ ಹೇಳಲಿಲ್ಲ. ಸುಳ್ಳು ಹೇಳಿಲ್ಲವಲ್ಲ ಎಂದು ಅಂದಿನಿಂದ ತನಗೆ ತಾನೇ ಬೆನ್ನು ತಟ್ಟಿಕೊಳ್ಳುತ್ತ ಬಂದಿದ್ದ.

ಷೋಕೇಸಿನ ಬುದ್ಧನಿಂದ ತೊಂದರೆಯಿರಲಿಲ್ಲ. ಈಗ ಬುದ್ಧ ಎಲ್ಲರ ಷೋಕೇಸಿನಲ್ಲೂ ಇರುತ್ತಾನೆ. ಬಸಯ್ಯನವರೇ ‘ಎಷ್ಟು ಶಾಂತ ಮಾರಿ’ ಎಂದು ಹೊಗಳಿದ್ದರು. ತೊಂದರೆಯಿದ್ದದ್ದು ತತ್ತಿಯಿಂದ. ಒಂದು ತತ್ತಿ ತಿನ್ನಬೇಕಾದರೂ ರೇಣು ತವರಿಗೆ ಹೋಗಬೇಕಿತ್ತು. ಬಾಣಂತನವೂ ಅಲ್ಲೇ ಮುಗಿದಿತ್ತು. ಹೀಗೆ ಎಲ್ಲ ವಾಸನೆಗಳನ್ನೂ ಗೆದ್ದ ಮನೆಗೆ ಕೂಸು ಬಂದಿತ್ತು. ಬೇರೆಯವರ ಮನೆಯಲ್ಲಿ ನಾತ ಬಂದರೆ ಅದು ಕೂಸಿನದು. ತನ್ನ ಮನೆಯಲ್ಲಿ ಬಂದರೆ ಜನ ಮುಂದಿನ ಪ್ರಶ್ನೆ ಕೇಳುತ್ತಾರೆ ಎಂದು ಸಾಗರ ನಂಬಿದ್ದ.

ಮೊಬೈಲು ಕೈಯಲ್ಲೇ ನಡುಗಿತು. ಅವ್ವ. ಸಾಗರ ಬಚ್ಚಲಿಗೆ ಹೋಗಿ ನಳ ತಿರುವಿದ.

‘ಜೈ ಭೀಮ್ ಮಗಾ,’ ಎಂದಳು ಪದ್ಮವ್ವ. ಅವಳು ಯಾರೊಡನೆ ಮಾತಾಡಿದರೂ ಹೀಗೇ ಶುರುಮಾಡುತ್ತಿದ್ದಳು, ಅದೂ ಹೊಲದ ಆ ಬದುವಿಗೆ ಕೇಳುವ ದನಿಯಲ್ಲಿ. ‘ನೀರ ಬಿಟ್ಟೀ ಏನೋ? ಸಪ್ಪಳ ಭಾಳ ಐತಿ.’

‘ಇರಲಿ, ಹೇಳ.’

‘ನಾ ಬರತೇನಿ. ರೇಣು ಒಬ್ಬಾಕಿ ಎಷ್ಟಂತ ಮಾಡತಾಳ? ಕೂಸಿನ ಬಟ್ಟಿ ಯಾರು ಒಗೀತಾರ?’

‘ಬಟ್ಟಿ ಎಲ್ಲೈತವ್ವಾ. ಡೈಪರ್ ಹಾಕತೇವಿ.’

‘ಅದನ್ನ ಯಾರು ಚೆಲ್ಲತಾರ?’

‘ಅದಕ್ಕ ಒಂದು ಡಬ್ಬಿ ತರಸಾಕತ್ತೇನಿ. ವಾಸನಿ ಸುದ್ದಾ ಬರೂದಿಲ್ಲ. ನೀ ಬಂದ್ರೂ ನಿನಗ ಏನೂ ಕೆಲಸ ಇಲ್ಲ.’

ಆ ಕಡೆ ಬಸ್ಸೊಂದರ ಹಾರ್ನ್ ಕೇಳಿಸಿತು.

‘ಕೆಲಸ ಇದ್ರಷ್ಟ ಬರಬೇಕೇನೋ?’

‘ಹಂಗಲ್ಲ. ಬಿಸಲು ಭಾಳ ಐತಿ. ಮುಂದಿನ ತಿಂಗಳ ನಾನ ಬಂದು ಕರಕೊಂಡು ಬರತೇನಿ.’

‘ಹೋದ ತಿಂಗಳೂ ಇದನ್ನ ಅಂದಿದ್ದಿ,’ ಎಂದಳು. ಆಮೇಲೆ ‘ಆತು’ ಎಂದಳು. ಅಷ್ಟು ಬೇಗ ಒಪ್ಪಿದ್ದಕ್ಕೆ ಅವನಿಗೆ ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ನಳ ಬಂದ್ ಮಾಡಿದ.

ರೇಣು ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

‘ಡಬ್ಬಿ ಬ್ಯಾಡ. ಅತ್ತಿ ಬರಲಿ.’

‘ಬಂದು?’

‘ಬಂದು ಮೊಮ್ಮಗಳನ್ನ ಆಡಸಲಿ. ಮನಿ ಬಿಡ ಅಂದ್ರ ಬಿಡೂಣು.’

‘ಎಲ್ಲಿ ಹೋಗತಿ? ಕಾಲೇಜು ಬಾಜೂಕ, ದವಾಖಾನಿ ಬಾಜೂಕ. ನೀರಿಗೆ ತಕರಾರಿಲ್ಲ.’

‘ನೀರಿಗೆ ತಕರಾರಿಲ್ಲ, ಖರೇ,’ ಎಂದು ರೇಣು ನಳದ ಕಡೆ ನೋಡಿದಳು. ‘ಕ್ಲಾಸಿನ್ಯಾಗೂ ನಳಾ ಬಿಟ್ಟು ಪಾಠಾ ಹೇಳತೀರೇನು?’

ಸಂವಿಧಾನದ ಹದಿನೇಳನೆಯ ವಿಧಿಯನ್ನು ಸಾಗರ ಪ್ರತಿವರ್ಷ ಪಕ್ಕದ ಕೋಣೆಗೂ ಕೇಳುವಂತೆ ಕಲಿಸುತ್ತಿದ್ದ. ಅಸ್ಪೃಶ್ಯತೆಯನ್ನು ರದ್ದುಪಡಿಸಲಾಗಿದೆ ಎನ್ನುವಾಗ ಮೇಜು ಗುದ್ದುವುದೂ ಇತ್ತು. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ರೇಣು ಕೂಸನ್ನು ಅವನ ಕೈಗಿಟ್ಟು, ಟಾವೆಲು ಎಳೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು. ರವಿವಾರ ಬಸಯ್ಯನವರು ಹೊತ್ತು ಕಳೆಯಲು ಕೆಳಗೆ ಬರುವುದಿತ್ತು.

‘ಶರಣ್ರಿ ಸರ್.’

‘ಶರಣ್ರಿ, ಬರ್ರಿ, ಕುಂದರ್ರಿ,’ ಎಂದ ಸಾಗರ. ಈ ಶರಣು ಅವನ ಬಾಯಲ್ಲಿ ಬಸಯ್ಯನವರಿಗಿಂತ ಸಲೀಸಾಗಿ ಬರುತ್ತಿತ್ತು.

ಬಸಯ್ಯನವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು, ಕೂಸನ್ನು ಎತ್ತಿಕೊಂಡು ಧೋತರದ ಮಡಿಲಲ್ಲಿ ಹಾಕಿಕೊಂಡರು. ಕೂಸು ಅವರ ಮೀಸೆಗೆ ಕೈಹಾಕಿತು.

‘ಮ್ಯಾಲ ಏನರೆ ವಾಸನಿ ಬರತೈತೇನ್ರಿ?’ ಸಾಗರ ತಡೆಯಲಾರದೆ ಕೇಳಿದ.

‘ಏನ್ ವಾಸನಿ?’

‘ಕೂಸಿಂದು... ಒಂದು ಡಬ್ಬಿ ತಗೋಬೇಕಂತ ಮಾಡೇನ್ರಿ.’

‘ಹುಚ್ಚರಾದ್ರೇನ್ರಿ? ಕೂಸಿದ್ದ ಮನಿ ಘಮ ಅಂತೈತಿ. ಡಬ್ಬೀಗಿಬ್ಬಿ ಏನೂ ಬ್ಯಾಡ.’

ಸಾಗರನಿಗೆ ನಿರಾಸೆಯಾಯಿತು. ವಾಸನೆಯಾದರೆ ಡಬ್ಬಿಯಲ್ಲಿ ಮುಚ್ಚಬಹುದಿತ್ತು. ವಾಸನೆಯೇ ಇಲ್ಲದ್ದನ್ನು ಎಲ್ಲಿ ಮುಚ್ಚುವುದು?

ಬಸಯ್ಯನವರ ಬೆರಳು ಕೂಸಿನ ಕೊರಳನ್ನೂ ರಟ್ಟೆಯನ್ನೂ ತಡವುತ್ತಿತ್ತು. ‘ಅಲ್ಲ ಸರ್, ಕೊರಳಾಗ ಲಿಂಗ ಕಾಣವಲ್ತಲ್ಲ?’

‘ತವರಮನ್ಯಾಗ ಬಿಟ್ಟು ಬಂದಾರ್ರಿ,’ ಎಂದ. ಇದು ಮೊದಲ ಸುಳ್ಳು. ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

‘ಛೇ, ಹಂಗ ಬಿಡಬಾರದ್ರಿ. ನಾಳೆ ಸೋಮವಾರ. ಸ್ನಾನಾ ಮಾಡಿಸಿ ಇಡ್ರಿ, ನಾನ ಬಂದು ಕಟ್ಟತೇನಿ. ಮನಿ ಐನೋರು ಇದ್ದೂ ಏನ್ ಉಪಯೋಗ?’

‘ಆತ್ರಿ,’ ಎಂದ ಸಾಗರ. ಅದೇ ‘ಆತು’. ಅವ್ವನ ಬಾಯಿಂದ ಬಂದಾಗ ಅದರ ಅರ್ಥವೇನಿತ್ತೆಂದು ಗೇಟು ಕಿರುಗುಟ್ಟಿದಾಗ ತಿಳಿಯಿತು. ಅಂಗಳದಲ್ಲಿ ಪದ್ಮವ್ವ ನಿಂತಿದ್ದಳು. ಬಗಲಲ್ಲಿ ಗಂಟು, ಮುಖದ ಮೇಲೆ ಬಿಸಿಲು. ಫೋನು ಮಾಡಿದ್ದೇ ಸವದತ್ತಿಯ ಬಸ್‌ಸ್ಟ್ಯಾಂಡಿನಿಂದ ಇರಬೇಕು.

ಅವಳ ಬಾಯಿ ಆಗಲೇ ತೆರೆದಿತ್ತು. ಕೈ ಎದೆಯವರೆಗೆ ಏರಿತ್ತು. ಆಗ ಅವಳು ಬಸಯ್ಯನವರ ವಿಭೂತಿಯನ್ನು ನೋಡಿದಳು. ಅವರ ಮಡಿಲಲ್ಲಿದ್ದ ಮೊಮ್ಮಗಳನ್ನು ನೋಡಿದಳು. ಕೊನೆಗೆ ಮಗನ ಮುಖವನ್ನು ನೋಡಿದಳು. ಕೈ ಕೆಳಗಿಳಿಯಿತು.

‘ಯಾರು ಬೇಕಾಗಿತ್ತವಾ?’ ಎಂದರು ಬಸಯ್ಯನವರು.

ನಮ್ಮವ್ವ. ಅಷ್ಟು ಸಾಕಿತ್ತು. ತುಂಬಿದ ತರಗತಿಯಲ್ಲಿ ಮೈಕಿಲ್ಲದೆ ಮಾತಾಡುವ ಗಂಟಲು ಅವನದು. ಸಾಗರ ಮೊಬೈಲಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ.

‘ಕೂಸಿನ ಬಟ್ಟಿ ಒಗ್ಯಾಕ ಬಂದೇನ್ರೀ,’ ಎಂದಳು ಪದ್ಮವ್ವ. ಆ ದನಿ ಬದುವಿಗಿರಲಿ, ಹೊಸ್ತಿಲಿಗೂ ಸರಿಯಾಗಿ ತಲುಪಲಿಲ್ಲ.

‘ಛಲೋ ಆತು ಸರ್, ಕೆಲಸದಾಕಿ ಸಿಕ್ಕಳಲ್ಲ! ಹಿತ್ತಲ ಕಡಿಂದ ಹೋಗವಾ, ಅಲ್ಲೆ ಕಲ್ಲ ಐತಿ.’

‘ಆತ್ರೀ ಯಪ್ಪಾ.’

ಕೂಸಿನ ಒಂದು ಪಾದ ಮಾತ್ರ ಧೋತರದ ಆಚೆ ಕಾಣುತ್ತಿತ್ತು. ಅದನ್ನಷ್ಟೇ ನೋಡಿಕೊಂಡು ಅವಳು ಗೋಡೆಯ ಪಕ್ಕದ ಸಂದಿಯಲ್ಲಿ ಹಿಂದಕ್ಕೆ ಹೋದಳು.

ಸಾಗರನಿಗೆ ಮೊದಲು ಆದದ್ದು ಸಮಾಧಾನ. ಅದು ಸಮಾಧಾನವೆಂದು ಗೊತ್ತಾದ ಮೇಲೆ ಹೇಸಿಕೆಯಾಯಿತು. ಆದರೆ ಹೇಸಿಕೆಯಾದವನೂ ಕುಳಿತೇ ಇದ್ದ. ಬಸಯ್ಯನವರು ನಾಳೆಗೆ ಬೇಕಾದ ಹೂವು, ಹಾಲುಗಳ ಬಗ್ಗೆ ಹೇಳುತ್ತಿದ್ದರು. ಅವನು ತಲೆಯಾಡಿಸುತ್ತಿದ್ದ.

ಹಿತ್ತಲಿನಿಂದ ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಬರತೊಡಗಿತು. ಏನನ್ನು ಒಗೆಯುತ್ತಿದ್ದಾಳೆ? ಹಿತ್ತಲಲ್ಲಿ ಒಗೆಯಲು ಕೂಸಿನ ಒಂದು ಬಟ್ಟೆಯೂ ಇರಲಿಲ್ಲ. ಅವನು ಕುಳಿತಲ್ಲಿಂದಲೇ ವಾಲಿ ಅಡಿಗೆಮನೆಯ ಆಚೆಯ ತೆರೆದ ಬಾಗಿಲಿನತ್ತ ನೋಡಿದ.

ಕಲ್ಲಿನ ಪಕ್ಕದಲ್ಲಿ ಗಂಟು ಬಿಚ್ಚಿತ್ತು. ಹಳೆಯ ಬಿಳಿ ಸೀರೆಯನ್ನು ಹರಿದು, ಅಂಚು ಹೊಲಿದು, ಮಡಿಕೆ ಮಾಡಿ ಮೊಮ್ಮಗಳಿಗೆಂದು ತಂದ ಬಟ್ಟೆಗಳು. ಕೂಸು ಇನ್ನೂ ಮುಟ್ಟದವು. ಪದ್ಮವ್ವ ಒಂದೊಂದನ್ನೇ ಬಿಡಿಸಿ ನೀರಲ್ಲಿ ಅದ್ದಿ ಒಗೆಯುತ್ತಿದ್ದಳು.

‘ಹಿತ್ತಲದಾಗ ಯಾರ್ರೀ?’ ಬಚ್ಚಲಿನಿಂದ ರೇಣು ಕೂಗಿದಳು.

ಸಾಗರ ಬಾಯಿ ತೆರೆದ.

‘ಕೆಲಸದಾಕಿ ಬಂದಾಳ ತಂಗೀ,’ ಎಂದರು ಬಸಯ್ಯನವರು. ಆಮೇಲೆ ಅವರೂ ಬಾಗಿ ಹಿತ್ತಲಿನತ್ತ ನೋಡಿ ಮೆಚ್ಚಿಕೊಂಡರು. ‘ಕೈ ಭಾಳ ಸ್ವಚ್ಛ ಐತ್ರಿ ಆಕಿದು. ಬಿಡಬ್ಯಾಡ್ರಿ.’

ಪದ್ಮವ್ವ ಕಡೆಯ ಬಟ್ಟೆಯನ್ನು ಹಿಂಡಿ ತಂತಿಯ ಮೇಲೆ ಹರವಿದಳು. ಗಂಟಿನಲ್ಲಿ ಇನ್ನೇನೂ ಉಳಿದಿರಲಿಲ್ಲ. ಕೈ ಕಟ್ಟಿಕೊಂಡು ನಿಂತು ಮನೆಯ ಬಾಗಿಲನ್ನು ನೋಡಿದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅವಳು ತಂತಿಯ ಮೇಲಿನ ಮೊದಲ ಬಟ್ಟೆಯನ್ನು ಇಳಿಸಿಕೊಂಡು ಮತ್ತೆ ಕಲ್ಲಿನ ಮೇಲೆ ಹಾಕಿದಳು.