ಮಹಾರಾಣಾ ಸಾಹೇಬರ ಸ್ವಂತ ಮನೆ

ಸ್ಟ್ರೆಚರನ್ನು ಆಂಬುಲೆನ್ಸಿನಿಂದ ಅರ್ಧ ಎಳೆದಿದ್ದರು, ಅಷ್ಟರಲ್ಲಿ ಉಮಾದೇವಿ ಹೊಸ್ತಿಲ ಮೇಲೆ ಎರಡೂ ಕೈ ಅಗಲಿಸಿ ನಿಂತಳು.

"ಕೈ ಮುಗೀತೀನಿ, ಒಳಗ ಮಾತ್ರ ತರಬ್ಯಾಡ್ರಿ."

ರಾಯಚೂರಿನ ಆಸ್ಪತ್ರೆಯಲ್ಲಿ ಬೆಳಗಿನ ಜಾವ ತೀರಿಕೊಂಡ ಮಹಾರಾಣಾ, ಮಾನ್ವಿ ಊರಿನ ಈ ಮನೆಯಲ್ಲಿ ಬಹಳ ವರ್ಷ ಬಾಡಿಗೆಗಿದ್ದ. ಮನೆಯ ಒಡತಿ ಉಮಾದೇವಿ ಕೆಟ್ಟವಳೇನಲ್ಲ. ಅವನಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವಳು. ಆದರೆ ಅವನು ಹೋದ ನಕ್ಷತ್ರ ಸರಿಯಿಲ್ಲವೆಂದು ಪಂಚಾಂಗ ನೋಡುವ ಅಯ್ನೋರು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅಂಥ ಹೆಣ ಹೊಕ್ಕ ಮನೆಗೆ ಆರು ತಿಂಗಳು ಬೀಗ ಹಾಕಬೇಕು. ಅವಳ ಮಗಳ ಮದುವೆಯೋ ಮುಂದಿನ ವಾರ.

"ಜೀವ ಹೋಗಿದ್ದು ಆಸ್ಪತ್ರ್ಯಾಗ. ದೋಷ ಅಲ್ಲೇ ಉಳೀತದ್ರೀ," ಎಂದ ನಿಂಗರಾಜ. ಮಹಾರಾಣಾನ ನಕ್ಷೆಗಳಿಗೆಲ್ಲ ಗೋಡೆ ಎಬ್ಬಿಸಿದ ಮೇಸ್ತ್ರಿ ಅವನು.

"ಯಾರ್ ಕಂಡಾರ?"

ಮಹಾರಾಣಾನ ಹೆಂಡತಿ ಕರೆಮ್ಮ ಆಂಬುಲೆನ್ಸಿನಿಂದ ಇಳಿದಳು. "ಮೈ ತೊಳದು ಒಯ್ತೀನಿ ಯಕ್ಕಾ. ಮನಿಯಿಂದ ಹೋದ ಅಂತ ಆಗ್ಲಿ. ಬೀದ್ಯಾಗಿಂದ ಕಳಸ್ಲೇನು?"

ಉಮಾದೇವಿ ಅತ್ತಳು. ಕೈ ಮಾತ್ರ ಇಳಿಸಲಿಲ್ಲ.

ನಿಮ್ಮನಿಗೆ ಒಯ್ಯೋಣೇನು ಎಂಬಂತೆ ನಿಂಗರಾಜ ಅಕ್ಕಿ ಗಿರಣಿಯ ಗಡಿಗೆಪ್ಪನ ಕಡೆ ತಿರುಗಿದ. ಊರಿನಲ್ಲಿ ಮಹಾರಾಣಾ ಕಟ್ಟಿಸಿದ ಮೊದಲ ಮನೆ ಗಡಿಗೆಪ್ಪನದೇ. ಬಂದ ಬೀಗರಿಗೆಲ್ಲ ಅದನ್ನು ತೋರಿಸಿ ಮೀಸೆ ತಿರುವುತ್ತಿದ್ದ ಸಾಹುಕಾರ ಈಗ ಚಪ್ಪಲಿ ನೋಡಿಕೊಳ್ಳುತ್ತ ನಿಂತಿದ್ದ.

"ಮನ್ಯಾಗ ಹಿರೇರು ಒಪ್ಪಂಗಿಲ್ಲ. ಗಿರಣಿ ಗೋದಾಮು ಖಾಲಿ ಅದ, ಬೇಕಾದ್ರ..."

"ನನ್ನ ಗಂಡ ಏನ್ ಅಕ್ಕಿ ಚೀಲೇನ್ರೀ?" ಎಂದಳು ಕರೆಮ್ಮ.

*

ಮಹಾರಾಣಾ ಒಡಿಶಾದವನು. ಶಕ್ತಿನಗರದ ವಿದ್ಯುತ್ ಸ್ಥಾವರ ಕಟ್ಟುವಾಗ ಗುತ್ತಿಗೆದಾರನೊಬ್ಬನ ಬೆನ್ನು ಹತ್ತಿ ನಕ್ಷೆ ಬರೆಯಲು ಬಂದಿದ್ದ. ಕೆಲಸ ಮುಗಿದ ಮೇಲೆ ಜೊತೆಯವರೆಲ್ಲ ರೈಲು ಹತ್ತಿದರು. ಇವನು ಮಾತ್ರ ಅಲ್ಲಿ ನೀರು ಹೊರುತ್ತಿದ್ದ ದೇವದುರ್ಗದ ಕಡೆಯ ಕುರುಬರ ಹುಡುಗಿ ಕರೆಮ್ಮನನ್ನು ಕಟ್ಟಿಕೊಂಡು ಮಾನ್ವಿಗೆ ಬಂದ.

ಕಾಲುವೆ ನೀರು ಬಂದು, ಭತ್ತದ ದುಡ್ಡು ಓಡಾಡಿ, ಜನ ಮಣ್ಣಿನ ಮನೆ ಕೆಡವುತ್ತಿದ್ದ ಕಾಲ ಅದು. ಮಹಾರಾಣಾ ಎಲ್ಲರಿಗೂ ನಕ್ಷೆ ಬರೆದುಕೊಟ್ಟ. ಕಿಟಕಿ ದೊಡ್ಡದಿರಲೆಂದು ಎಲ್ಲರೊಡನೆ ಜಗಳವನ್ನೂ ಆಡಿದ. ಜನ ಅವನಿಗೆ ಸಾಹೇಬ್ರು ಎನ್ನುತ್ತಿದ್ದರು. ಮರೆಯಲ್ಲಿ ಪರದೇಶಿ ಎನ್ನುತ್ತಿದ್ದರು.

ಪೋತ್ನಾಳ ರಸ್ತೆಯಲ್ಲಿ ತನಗೂ ಒಂದು ಸೈಟು ಕೊಂಡ. ಅಲ್ಲಿಗೆ ನಿಂತಿತು. ಸ್ವಂತ ಮನೆಯ ನಕ್ಷೆ ಬರೆಯುವುದು, ಅಡುಗೆಮನೆಗೆ ಬಂದ ಕೂಡಲೇ ತಲೆ ಕೆರೆದುಕೊಂಡು ಅಳಿಸುವುದು, ಇದೇ ಆಯಿತು.

"ಊರ ಮಂದಿಗೆಲ್ಲಾ ಮನಿ ಆತು. ನಮಗ್ಯಾವಾಗ?" ಎಂದು ಕರೆಮ್ಮ ಒಮ್ಮೆ ಪಾತ್ರೆ ಕುಕ್ಕಿ ಕೇಳಿದ್ದಳು.

"ಮಂದಿ ಮನಿ ತಪ್ಪಾದ್ರ ಮಂದಿ ಬೈತಾರ, ಹೋಗ್ತಾರ. ನಿನ್ನ ಮನಿ ತಪ್ಪಾದ್ರ ನೀನು ದಿನಾ ಅದರಾಗ ಇರಬೇಕಲ್ಲ?"

ಅವಳಿಗೆ ನಗು ಬರಲಿಲ್ಲ. ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲೂ ಉಮಾದೇವಿಯ ಅಪ್ಪಣೆ ಬೇಕಿತ್ತು.

*

"ಸೈಟಿಗೆ ಒಯ್ರಿ," ಎಂದಳು ಕರೆಮ್ಮ.

ಸೈಟಿನಲ್ಲಿ ಜಾಲಿ ಬೆಳೆದಿತ್ತು. ನಿಂಗರಾಜನ ಆಳುಗಳು ಸವರಿ ಹಸನು ಮಾಡಿದರು. ಹೆಣ ಇಳಿಸಲು ಹೋದವರನ್ನು ಅವಳು ತಡೆದಳು.

"ಬಯಲಾಗ ಇಡಬ್ಯಾಡ್ರಿ. ತಡೀರಿ."

ರಸ್ತೆಯಾಚೆ ಯಾರದೋ ಮನೆ ಏಳುತ್ತಿತ್ತು. ಅಲ್ಲಿಂದ ಬುಟ್ಟಿ ತುಂಬ ಸುಣ್ಣದ ಪುಡಿ ತಂದು, ಬಗ್ಗಿ, ಮುಷ್ಟಿಯಿಂದ ಸುರಿಯುತ್ತ ನೆಲದ ಮೇಲೆ ಗೆರೆ ಎಳೆಯತೊಡಗಿದಳು. ಉಮಾದೇವಿಯ ಓಣಿಯಿಂದ ಜೊತೆಗೆ ಬಂದಿದ್ದ ಮುದುಕಿ ಹಂಪಮ್ಮ ಹೌಹಾರಿದಳು.

"ಏನಬೇ ಇದು! ಸತ್ತ ದಿನಾ ರಂಗೋಲಿ ಹಾಕ್ತಾರೇನು?"

"ರಂಗೋಲಿ ಅಲ್ಲವ್ವಾ. ಗ್ವಾಡಿ."

ನಿಂಗರಾಜನಿಗೆ ಅರ್ಥವಾಯಿತು. ಪಾಯ ತೋಡುವ ಮುಂಚೆ ಮೇಸ್ತ್ರಿಗಳು ಹೀಗೇ ಅಲ್ಲವೇ ಗೋಡೆಗಳ ಗುರುತು ಹಾಕುವುದು? ಅವನು ಓಡಿಹೋಗಿ ಹಗ್ಗ ತಂದು, ಅವಳ ಕೈಗೊಂದು ತುದಿ ಕೊಟ್ಟು ಇನ್ನೊಂದು ತುದಿ ಹಿಡಿದ.

"ಯಾವ ನಕ್ಷಾ ಯಕ್ಕಾ? ಸಾಹೇಬ್ರು ಬರದದ್ದೇನು?"

"ಅವ ಎಲ್ಲಿ ಮುಗಿಸ್ದ? ನಂದು. ತಪ್ಪಾದ್ರ ಆಗ್ಲಿ."

ಪಡಸಾಲೆ ಎದ್ದಿತು, ದೇವರ ಮನೆ ಎದ್ದಿತು. ಅಡುಗೆಮನೆಯನ್ನು ಅವಳು ಒಂದೇ ಉಸಿರಿನಲ್ಲಿ ಎಳೆದಳು, ದೊಡ್ಡದಾಗಿ. ನಡುನಡುವೆ ಸೆರಗಿನಿಂದ ಮುಖ ಒರೆಸಿಕೊಂಡಿದ್ದಕ್ಕೆ ಕೆನ್ನೆಯೆಲ್ಲ ಸುಣ್ಣವಾಗಿತ್ತು. ಪೂರ್ವಕ್ಕೆ ಬಾಗಿಲಿಗೆಂದು ಒಂದಿಷ್ಟು ಜಾಗ ಗೆರೆಯಿಲ್ಲದೆ ಬಿಟ್ಟು, "ಈಗ ತರ್ರಿ," ಎಂದಳು. ಆ ಕಡೆಯಿಂದಲೇ ತಂದರು. ಹಿಂದಿನ ಮೂಲೆಯಲ್ಲಿ ಗೆರೆ ಎಳೆದಿದ್ದ ಬಚ್ಚಲಲ್ಲಿ ಅವನ ಮೈ ತೊಳೆದು, ಪಡಸಾಲೆಯಲ್ಲಿ ಮಲಗಿಸಿದರು. ಅಷ್ಟು ಹೊತ್ತೂ ಗಟ್ಟಿಯಾಗಿದ್ದ ಕರೆಮ್ಮ ಆಗ ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು.

"ಮನಿ ಅಂದ್ರ ಇಷ್ಟೇ ಇತ್ತಲ್ಲೋ! ಇಷ್ಟಕ್ಕ ಹೆದರಿದೇನೋ!"

ಬಿಸಿಲೇರಿದಾಗ ಗಡಿಗೆಪ್ಪ ದೊಡ್ಡದೊಂದು ಹೂವಿನ ಹಾರ ಹಿಡಿದು ಬಂದ. ರಸ್ತೆಯಿಂದ ನೇರ ಹೆಣದತ್ತಲೇ ನಡೆದವನು ಸುಣ್ಣದ ಗೆರೆಯ ಹತ್ತಿರ ಗಕ್ಕನೆ ನಿಂತ. ಒಳಗೆ ಕೂತ ಹೆಂಗಸರು ಅವನನ್ನೇ ನೋಡುತ್ತಿದ್ದರು.

ಎತ್ತಿದ ಕಾಲು ಹಿಂದಕ್ಕೆ ತೆಗೆದುಕೊಂಡ. ಗೆರೆಯ ಗುಂಟ ಸುತ್ತು ಬಳಸಿ ಪೂರ್ವದ ಕಡೆ ಬಂದು, ಚಪ್ಪಲಿ ಕಳಚಿ ಹೊರಗಿಟ್ಟು, "ಒಳಗ ಬರ್ಲೇನವ್ವಾ?" ಎಂದು ಕೇಳಿ ನಿಂತ.